ಜಿನೀವಾ ತಜ್ಞಪರಿಷತ್ತೂ ಪ್ರಮಾಣವಿಚಾರವೂ

ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿರುವ ವಿಜ್ಞಾನಿಯನ್ನು ರಾಜ್ಯವು ಕೆಲವು ಕಾಲದ ಮಟ್ಟಿಗೆ ಕರೆಯಿಸಿಕೊಂಡು, ಪರರಾಷ್ಟ್ರವ್ಯವಹಾರದಲ್ಲಿ ಅವನ ಸಲಹೆಯನ್ನು ಪಡೆದು, ಮತ್ತೆ ಅವನ ಪೀಠಕ್ಕೆ ಕಳುಹಿಸಿಕೊಡುವ ಪದ್ಧತಿಯು ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕಾದಲ್ಲಿ ವಿಶೇಷವಾಗಿ ಬೆಳೆಯಿತು. ಇಂತಹ ಸಲಹೆಗಾರನು ಮಂತ್ರಿಯೂ ಅಲ್ಲ, ರಾಯಭಾರಿಯೂ ಅಲ್ಲ. ಹಾಗಾದರೆ ಅವನ ಮಾತಿಗೆ ಅಧಿಕಾರವು ಎಲ್ಲಿಯವರೆಗೆ? 1958ನೆಯ ಇಸವಿಯ ಜಿನೀವಾ ತಜ್ಞಪರಿಷತ್ತಿನ ವೃತ್ತಾಂತವು ಈ ಪ್ರಶ್ನೆಗೆ ಒಳ್ಳೆಯ ನಿದರ್ಶನವಾಗಿದೆ.

ಆ ವರ್ಷ ಜುಲೈ 1ರಿಂದ ಆಗಸ್ಟ್ 21ರ ವರೆಗೆ ಅಮೆರಿಕಾ, ಬ್ರಿಟನ್, ಫ್ರಾನ್ಸ್, ಕೆನಡಾ ದೇಶಗಳ ವಿಜ್ಞಾನಿಗಳು ಒಂದು ಪಕ್ಷವಾಗಿಯೂ, ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರರಾಷ್ಟ್ರಗಳವರು ಇನ್ನೊಂದು ಪಕ್ಷವಾಗಿಯೂ ಅಲ್ಲಿ ಸೇರಿದ್ದರು. ಅಮೆರಿಕಾದಿಂದ ಬಂದವರಲ್ಲಿ ರಾಬರ್ಟ್ ಬಾಕರ್, ಹ್ಯಾನ್ಸ್ ಬೇಥೆ ಮೊದಲಾದ ಅಧ್ಯಾಪಕರಿದ್ದರು. (ಅವರೊಡನೆ ಹೋಗಿದ್ದ ಅರ್ನೆಸ್ಟ್ ಲಾರೆನ್ಸರು ಅಲ್ಲಿಯೇ ಅಸ್ವಸ್ಥರಾಗಿ ಹಿಂದಿರುಗಿ, ಆಗಸ್ಟ್ 27ರಂದು ತೀರಿಕೊಂಡರು.) ಪರಮಾಣ್ವಸ್ತ್ರಪರೀಕ್ಷೆಗಳನ್ನು ನಿಲ್ಲಿಸುವ ಒಪ್ಪಂದವಾದರೆ ಅದನ್ನು ಗುಟ್ಟಾಗಿ ಮುರಿದವರನ್ನು ಕಂಡುಹಿಡಿಯಬಹುದೆ ಎಂಬುದೇ ಇವರಿಗೆ ಒಪ್ಪಿಸಿದ್ದ ವಿಷಯ. ಒಪ್ಪಂದವು ಬೇಕೆ ಬೇಡವೆ ಎಂಬುದು ಇವರದಲ್ಲವೆಂದು ಅಮೆರಿಕಾ ಸರ್ಕಾರವು ಎಣಿಸಿತ್ತು. ಸೋವಿಯತ್ ಪಕ್ಷದವರಾದರೋ ತಮ್ಮ ವಿಜ್ಞಾನಿಗಳ ನಡುವೆ ತ್ಸರಾಪ್ಕಿನ್ ಎಂಬ ನುರಿತ ರಾಯಭಾರಿಯನ್ನು ಕುಳ್ಳಿರಿಸಿದ್ದರು. ಲೋಕವ್ಯವಹಾರವನ್ನು ಹೆಚ್ಚಾಗಿ ಬಲ್ಲವರು ಯಾರೆಂಬುದು ಇಷ್ಟರಿಂದಲೇ ತಿಳಿಯುವುದು.

ತೊಡಕೆಲ್ಲವೂ ನೆಲದೊಳಗಿನ ಸ್ಫೋಟದಲ್ಲಿ. ಏಕೆಂದರೆ ಭೂಕಂಪವೂ ನೆಲವನ್ನು ಅಲುಗಿಸುತ್ತದೆ. ನೈಯಾಯಿಕರ ಭಾಷೆಯಲ್ಲಿ, ಕಂಪನವೆಂಬ ಹೇತುವು ಸ್ಫೋಟವೆಂಬ ಸಾಧ್ಯಕ್ಕೆ ಅನೈಕಾಂತಿಕವಾದುದು. ಸ್ಫೋಟವು ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ನೂಕುವುದರಿಂದ, ದೂರದ ಯಂತ್ರಗಳಲ್ಲೆಲ್ಲ ನೆಲದ ಮೊದಲ ಚಲನೆಯು ಮೇಲ್ಮುಖವಾಗಿರಬೇಕು. ಭೂಕಂಪದಲ್ಲಿ ಬಂಡೆಗಳು ಒಂದನ್ನೊಂದು ಉಜ್ಜಿ ಜಾರುವುದರಿಂದ ಕೆಲವೆಡೆ ಮೇಲ್ಮುಖ, ಕೆಲವೆಡೆ ಕೆಳಮುಖ. ಆದುದರಿಂದ ಕೆಳಮುಖಚಲನೆಯು ಸ್ಪಷ್ಟವಾಗಿ ಕಂಡರೆ ಅದು ಭೂಕಂಪವೇ ಸರಿ. ಕಾಣದಿದ್ದರೆ? ಅಲೆಯು ದುರ್ಬಲವಾದಲ್ಲಿ ಮೊದಲ ಚಲನೆಯು ನೆಲದ ನಿತ್ಯದ ಅಲುಗಾಟದಲ್ಲಿ ಮುಳುಗಿಹೋಗುವುದು. ಇದ್ದಿದ್ದರೆ ಕಾಣಲೇಬೇಕಾಗಿದ್ದುದು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧಿಸುವುದೆಂಬ ಮೀಮಾಂಸಕರ ಯೋಗ್ಯಾನುಪಲಬ್ಧಿಯ ನಿಯಮವೇ ಇಲ್ಲಿ ಅಡ್ಡ ನಿಲ್ಲುತ್ತದೆ.

ನೆಲದ ಮೇಲೆ 160ರಿಂದ 170 ಠಾಣೆಗಳೂ ಸಮುದ್ರದಲ್ಲಿ ಸುಮಾರು 10 ಹಡಗುಗಳೂ ಇದ್ದರೆ, 5 ಕಿಲೋಟನ್ ಪ್ರಮಾಣದ ಸ್ಫೋಟಗಳನ್ನು ಬಹುಮಟ್ಟಿಗೆ ಗುರುತಿಸಬಹುದೆಂದು ತಜ್ಞರು ಒಮ್ಮತದಿಂದ ವರದಿಮಾಡಿದರು. ಮರುದಿನವೇ ಅಧ್ಯಕ್ಷ ಐಸೆನ್‌ಹೋವರರು ಸಂಧಾನಕ್ಕೆ ಸಿದ್ಧವೆಂದು ಸಾರಿದರು. ಆದರೆ ಭೂಗರ್ಭಸ್ಫೋಟದ ವಿಷಯದಲ್ಲಿ ಆ ಲೆಕ್ಕವು ಮುಖ್ಯವಾಗಿ ನಿಂತಿದ್ದುದು 1957ರ ಸೆಪ್ಟೆಂಬರಿನಲ್ಲಿ ನೆವಾಡದಲ್ಲಿ ನಡೆದ ‘ರೇನಿಯರ್’ ಎಂಬ ಒಂದು ಪರೀಕ್ಷೆಯ ಮೇಲೆ. ಒಂದೇ ದೃಷ್ಟಾಂತದಿಂದ ವ್ಯಾಪ್ತಿಗ್ರಹ! 1958ರ ಅಕ್ಟೋಬರಿನ ಹೊಸ ಸ್ಫೋಟಗಳ ಅಲೆಗಳು ಎಣಿಸಿದುದಕ್ಕಿಂತ ಕ್ಷೀಣವಾಗಿದ್ದುವು. ಇದನ್ನು ಅಮೆರಿಕಾದವರು ಮುಂದಿಟ್ಟಾಗ, ಒಮ್ಮೆ ಒಪ್ಪಿದ ವರದಿಯನ್ನು ಕೆದಕುವುದು ವಂಚನೆಯೆಂದು ಸೋವಿಯತ್ ಪಕ್ಷವು ಸಿಟ್ಟಾಯಿತು. ಶಾಸ್ತ್ರಕ್ಕೆ ತಿದ್ದುಪಡಿಯು ಭೂಷಣ. ಸಂಧಿಪತ್ರಕ್ಕೆ ಅದೇ ಭಂಗ.

ದೊಡ್ಡ ಗುಹೆಯೊಳಗೆ ಸಿಡಿಸಿದರೆ ಅಲೆಯು ನೂರಾರು ಪಾಲು ಕುಗ್ಗುವುದೆಂದು ಆಲ್ಬರ್ಟ್ ಲ್ಯಾಟರ್ ಎಂಬವರು ಗಣಿತದಿಂದ ತೋರಿಸಿದರು. ಬೇಥೆಯವರು ಒಪ್ಪಂದವನ್ನು ಬಯಸಿದವರು. ಆದರೂ ಆ ಗಣಿತವನ್ನು ಪರಿಶೀಲಿಸಿ, ಸರಿಯೆಂದು ಕಂಡು, 1959ರ ಕೊನೆಯಲ್ಲಿ ಅದೇ ಜಿನೀವಾದಲ್ಲಿ ಸೋವಿಯತ್ ವಿಜ್ಞಾನಿಗಳ ಮುಂದೆ ತಾವೇ ಪ್ರತಿಪಾದಿಸಿದರು. ತನ್ನ ಇಷ್ಟಕ್ಕೆ ಬಾಧಕವಾದುದನ್ನು ತುಂಬಿದ ಸಭೆಯಲ್ಲಿ ತಾನೇ ಎತ್ತಿ ಹೇಳುವುದು ರಾಯಭಾರಿಗೆ ದೋಷವಾದೀತು, ಶಾಸ್ತ್ರಜ್ಞನಿಗೆ ಧರ್ಮವು. ಹಿಂದಿರುಗಲು ಪೀಠವೊಂದಿರುವವನಿಗೆ ಈ ಧೈರ್ಯವು ಸುಲಭವೆಂಬುದನ್ನೂ ಮರೆಯಲಾಗದು. ತಾತ್ಕಾಲಿಕ ಸಲಹೆಗಾರನ ಬೆಲೆಯು ಬಹುಶಃ ಇಲ್ಲಿಯೇ ಇದೆ.

ಆದರೆ ಸಂಶಯ ಉಳಿದ ಕಡೆ ವರ್ಷಕ್ಕೆ ಎಷ್ಟು ಸ್ಥಳಪರೀಕ್ಷೆ? 1963ರಲ್ಲಿ ಅಮೆರಿಕಾ 7 ಎಂದಿತು, ಸೋವಿಯತ್ ಒಕ್ಕೂಟವು 3 ಎಂದಿತು. ಈ ಅಂತರವನ್ನು ಯಾವ ಭೂಕಂಪಯಂತ್ರವೂ ನಿರ್ಣಯಿಸಲಾರದು. ಅದು ಪರಸ್ಪರ ನಂಬಿಕೆಯ ಅಳತೆ. ಆ ವರ್ಷ ಆಗಸ್ಟ್ 5ರಂದು ಮಾಸ್ಕೋದಲ್ಲಾದ ಒಪ್ಪಂದವು ವಾಯುಮಂಡಲ, ಅಂತರಿಕ್ಷ, ನೀರುಗಳಲ್ಲಿನ ಪರೀಕ್ಷೆಗಳನ್ನು ನಿಷೇಧಿಸಿ, ನೆಲದೊಳಗಿನದನ್ನು ಬಿಟ್ಟುಬಿಟ್ಟಿತು.

ಒಂದೊಂದು ಠಾಣೆಯಲ್ಲಿಯೂ ಹಲವು ಯಂತ್ರಗಳನ್ನು ಹರಡಿ ನಿಲ್ಲಿಸಬೇಕೆಂದು ತಜ್ಞರು ಸೂಚಿಸಿದ್ದ ಉಪಾಯವನ್ನು ಬ್ರಿಟಿಷ್ ವಿಜ್ಞಾನಿಗಳು ಮುಂದೆ ಬೆಳೆಯಿಸಿದರು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವರಮುಂಗಾಗಳೊಡನೆ, ಭಾರತದ ಪರಮಾಣುಶಕ್ತಿ ಸಂಸ್ಥೆಯ ಸಹಕಾರದಿಂದ ಅಂತಹ ಯಂತ್ರಸಾಲು 1960ರ ದಶಕದಲ್ಲಿ ಕನ್ನಡ ನಾಡಿನ ಗೌರಿಬಿದನೂರಿನಲ್ಲಿಯೂ ಸ್ಥಾಪಿತವಾಯಿತು.