ಬಡ ಸಂಶೋಧಕರಿಗೂ ಪೇಟೆಂಟ್

ನಿಮ್ಮೂರಿನ ಕಮ್ಮಾರರೊಬ್ಬರು ಕಳೆ ಕೀಳುವ ಹೊಸ ಸಾಧನವೊಂದನ್ನು ಮಾಡಿದ್ದಾರೆ ಎನ್ನೋಣ. ಅದಕ್ಕೆ ಪೇಟೆಂಟ್ ದೊರೆತರೆ, ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷಗಳವರೆಗೆ ಭಾರತದಲ್ಲಿ ಬೇರೆ ಯಾರೂ ಅವರ ಅನುಮತಿಯಿಲ್ಲದೆ ಅದನ್ನು ತಯಾರಿಸಿ ಮಾರುವಂತಿಲ್ಲ. ಆದರೆ ಕಾನೂನಿನ ಭಾಷೆಯಲ್ಲಿ ಅರ್ಜಿ ಬರೆಸಲು ತಜ್ಞರಿಗೆ ಕೊಡಬೇಕಾದ ಹಣ ಅವರ ಕೈಗೆಟುಕದು.

ಇಂಥವರ ನೆರವಿಗೆಂದೇ 2000ದಲ್ಲಿ ಗುಜರಾತಿನಲ್ಲಿ ನ್ಯಾಷನಲ್ ಇನ್ನೋವೇಷನ್ ಫೌಂಡೇಶನ್ ಆರಂಭವಾಯಿತು. ಆಯ್ದ ಸಾಧನಗಳಿಗೆ ಅದು ಸಂಶೋಧಕರ ಹೆಸರಿನಲ್ಲಿಯೇ, ಅವರಿಂದ ಹಣ ಪಡೆಯದೆ, ಅರ್ಜಿ ಸಲ್ಲಿಸುತ್ತದೆ.

ಒಂದು ಎಚ್ಚರಿಕೆ: ಅರ್ಜಿಗೆ ಮೊದಲೇ ಸಾಧನವನ್ನು ಜಾತ್ರೆಯಲ್ಲಿ ತೋರಿಸಿದರೆ ಅಥವಾ ಅದರ ವಿವರ ಪತ್ರಿಕೆಯಲ್ಲಿ ಬಂದರೆ, ಹೊಸತನ ಹೋಯಿತೆಂದು ಪೇಟೆಂಟ್ ಕೈತಪ್ಪಬಹುದು. ಮೊದಲು ತಾತ್ಕಾಲಿಕ ಅರ್ಜಿ ಹಾಕಿದರೆ, ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳ ಅವಕಾಶವಿರುತ್ತದೆ. ಓದುಬರಹ ಬಲ್ಲ ನೀವು ಈ ಮಾತನ್ನು ಅವರಿಗೆ ತಿಳಿಸಿರಿ.