ಅಪ್ರಿಯಸತ್ಯವೂ ಕ್ರೈಸ್ತಶ್ರದ್ಧೆಯೂ

ಅಪ್ರಿಯವಾದರೂ ಹಿತವಾದ ಮಾತನ್ನು ಆಡುವವನಂತೆಯೇ ಕೇಳುವವನೂ ದುರ್ಲಭನೆಂದು ರಾಮಾಯಣದ ಅರಣ್ಯಕಾಂಡದಲ್ಲಿ ಮಾರೀಚನು ರಾವಣನಿಗೆ ತಿಳಿಸುವನು. ಅಲ್ಲಿ ಇದು ರಾಜನೀತಿ. ಕ್ರೈಸ್ತಮತದಲ್ಲಾದರೋ ಅಂತಹ ಮಾತನ್ನು ಕೇಳಿ ಒಪ್ಪಿಕೊಳ್ಳುವುದು ಶ್ರದ್ಧೆಯ ಅಂಗವೇ ಆಗಿರುವುದು. ಇದನ್ನು ಶಬ್ದ, ಗ್ರಂಥ, ಚರಿತ್ರೆ ಎಂಬ ಮೂರರಿಂದಲೂ ವಿಚಾರಿಸಬಹುದು.

ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕು. ಅದರಲ್ಲಿ ‘ಹೊಮೊಲೊಗೇಯಿನ್’ ಎಂಬ ಕ್ರಿಯಾಪದವುಂಟು. ಇದರ ಪೂರ್ವಭಾಗವಾದ ‘ಹೊಮೊಸ್’ ಎಂಬುದು ಸಂಸ್ಕೃತದ ‘ಸಮ’ ಶಬ್ದಕ್ಕೆ ಸಜಾತಿ. ಉತ್ತರಭಾಗಕ್ಕೆ ನುಡಿಯುವುದೆಂದು ಅರ್ಥ. ಸಮವಾಗಿ ನುಡಿಯುವುದು ಅವಯವಾರ್ಥ, ಒಪ್ಪಿ ಹೇಳುವುದು ರೂಢಾರ್ಥ. ರೋಮಾಪುರದವರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ ಯೇಸುವನ್ನು ಕರ್ತನೆಂದು ಒಪ್ಪುವುದಕ್ಕೂ, ಯೋಹಾನನ ಮೊದಲನೆಯ ಪತ್ರಿಕೆಯ 1ನೆಯ ಅಧ್ಯಾಯದಲ್ಲಿ ಪಾಪಗಳನ್ನು ಒಪ್ಪುವುದಕ್ಕೂ ಈ ಒಂದೇ ಪದವು ಪ್ರಯುಕ್ತವಾಗಿದೆ. ಮತಾಂಗೀಕಾರ, ಪಾಪನಿವೇದನೆ ಎಂದು ನಾವು ಬೇರ್ಪಡಿಸುವ ಎರಡು ಕಾರ್ಯಗಳು ಮೂಲದಲ್ಲಿ ಏಕಶಬ್ದವಾಚ್ಯವಾಗಿವೆ.

ಗ್ರಂಥವೂ ಇದಕ್ಕೆ ಅನುಗುಣವಾಗಿದೆ. ಬಡವನ ಒಂದೇ ಕುರಿಮರಿಯನ್ನು ಧನಿಕನು ಅಪಹರಿಸಿದ ಕಥೆಯನ್ನು ಪ್ರವಾದಿಯಾದ ನಾತಾನನು ದಾವೀದರಾಜನಿಗೆ ಹೇಳಿ, ಕೋಪಗೊಂಡ ರಾಜನಿಗೆ ಆ ಅಪರಾಧಿಯು ಆತನೇ ಎಂದು ತೋರಿಸಿಕೊಟ್ಟನು. ದಾವೀದನು ದೋಷವನ್ನು ಒಪ್ಪಿದನು. 51ನೆಯ ಕೀರ್ತನೆಯ ಶಿರೋಲೇಖವು ಅದನ್ನು ಈ ಪ್ರಸಂಗಕ್ಕೇ ಸೇರಿಸಿದೆ. ಶಿಷ್ಯರಲ್ಲಿ ಅಗ್ರಗಣ್ಯನಾದ ಪೇತ್ರನು ಗುರುವನ್ನು ಅರಿಯೆನೆಂದುದನ್ನು ನಾಲ್ಕು ಸುವಾರ್ತೆಗಳೂ ಮರೆಮಾಚದೆ ಹೇಳುತ್ತವೆ.

ಇನ್ನು ಚರಿತ್ರೆ. ದಕ್ಷಿಣಭಾರತದ ಸಭೆಗಳಲ್ಲಿ ಜಾತಿಭೇದವು ನೆಲೆಸಿದ್ದುದನ್ನು ಕಂಡು, ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ನರು 1833ರಲ್ಲಿ ಅದನ್ನು ತೊರೆಯಬೇಕೆಂದು ಆಜ್ಞಾಪಿಸಿದರು. ಆದರೂ ಅದು ಅಳಿಯಲಿಲ್ಲ. 1910ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲರು 1981ರಲ್ಲಿ ಮಾಡಿದ ಉಪನ್ಯಾಸವು ದಲಿತರ ವೇದನೆಯಿಂದಲೇ ದೇವವಿಚಾರವನ್ನು ಆರಂಭಿಸುವ ಹೊಸ ಮಾರ್ಗಕ್ಕೆ ಕಾರಣವಾಯಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ಅಸ್ಪೃಶ್ಯತೆಯು ಸಭೆಯೊಳಗೂ ಉಂಟೆಂದು ಅಂಗೀಕರಿಸಿತು.

ಇಂತಹ ಅಂಗೀಕಾರದಿಂದ ಮತಕ್ಕೆ ಅಪಕೀರ್ತಿಯಲ್ಲವೇ ಎಂದು ಪೂರ್ವಪಕ್ಷ. ಇದಕ್ಕೆ ಸಮಾಧಾನವು ವ್ಯವಹಾರದಲ್ಲಿಯೇ ದೊರೆಯುವುದು. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು. ದಲಿತ ಕ್ರೈಸ್ತರು ಹೊರಗುಳಿದರು. ಅವರ ಬೇಡಿಕೆಯು ನಿಲ್ಲುವುದು ಮತಾಂತರದಿಂದ ಜಾತಿಯ ಬಾಧೆ ಅಳಿಯಲಿಲ್ಲವೆಂಬ ಆಧಾರದ ಮೇಲೆ. ಸಿದ್ಧಾಂತದಲ್ಲಿ ಜಾತಿಯಿಲ್ಲವೆಂಬುದು ಸತ್ಯ. ಆಚಾರದಲ್ಲಿ ಉಂಟೆಂಬುದೂ ಸತ್ಯ. ಮೊದಲನೆಯದನ್ನು ಮಾತ್ರ ನುಡಿಯುವ ಸಭೆಯು ತನ್ನ ಮಾನವನ್ನು ಕಾಯ್ದುಕೊಂಡು, ತನ್ನಲ್ಲಿಯೇ ನೊಂದವರ ಪಕ್ಷವನ್ನು ಕೆಡಿಸಿದಂತಾಗುವುದು. ನಿದಾನವಿಲ್ಲದೆ ಚಿಕಿತ್ಸೆಯಿಲ್ಲವೆಂಬುದು ಆಯುರ್ವೇದಕ್ಕೂ ಸಮ್ಮತವೇ.

ಆದರೆ ಒಪ್ಪುವುದರಲ್ಲಿಯೇ ಕಾರ್ಯವು ಮುಗಿಯದು. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಸುಂಕದವನಾದ ಜಕ್ಕಾಯನು, ವಂಚಿಸಿ ತೆಗೆದುಕೊಂಡುದನ್ನು ನಾಲ್ಕರಷ್ಟಾಗಿ ಹಿಂದಿರುಗಿಸಲು ಮುಂದಾಗುವನು. ನುಡಿಯು ವಸ್ತುಸ್ಥಿತಿಗೆ ಸಮವಾದ ಮೇಲೆ ನಡೆಯು ನುಡಿಗೆ ಸಮವಾಗಬೇಕು; ಅಲ್ಲಿಯವರೆಗೆ ಆ ಪದದ ಅರ್ಥವು ಅರ್ಧವೇ ಸರಿ.