ಡಿಸ್ಕ್ ಒಮ್ಮೆ ಓಡುತ್ತೆ, ಒಮ್ಮೆ ಕುಂಟುತ್ತೆ: ಏನು ಮಾಡೋದು?

ಪುಣಜನೂರಿನಿಂದ ಮಾತಾಡ್ತಿದ್ದೀನಿ. ಮಧ್ಯೆ ಲಾರಿ ಸದ್ದು ಬಂದ್ರೆ ಬೇಜಾರು ಮಾಡ್ಕೋಬೇಡಿ, ಸತ್ಯಮಂಗಲದ ರಸ್ತೆ ಪಕ್ಕದಲ್ಲೇ ಇದೆ.

2 ವರ್ಷದಿಂದ ಇಲ್ಲಿನ ಸೋಲಿಗರ ಪೋಡುಗಳಿಗೆ ಹೋಗಿ ಹಿರಿಯರ ಗೊರುಕನ ಹಾಡುಗಳನ್ನ ರೆಕಾರ್ಡ್ ಮಾಡ್ತಿದ್ದೀನಿ. ಎಲ್ಲವೂ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿತ್ತು. ಹೌದು, ಒಂದೇ ಒಂದರಲ್ಲಿ. ಹಾಡಿದ ಅಜ್ಜಿಯೊಬ್ಬರು ಕಳೆದ ಮಳೆಗಾಲದಲ್ಲಿ ತೀರಿಕೊಂಡ್ರು. ಅವರ ಮೊಮ್ಮಗ ಹಾಡು ಕೊಡಿ ಅಂತ ಕೇಳಿದಾಗ ಕಾಪಿಗೆ ಹಾಕಿದೆ. ಒಂದು ದಿನ ಸೆಕೆಂಡಿಗೆ 110 ಎಂಬಿ ವೇಗ, ಮರುದಿನ ಬರೀ 35. ಅಜ್ಜಿಯ ಫೋಲ್ಡರ್ ಬಂದ ಕೂಡಲೇ ಸೊನ್ನೆ. ಎದೆ ಝಲ್ ಅಂತು.

ನಾನು ಓದಿದ್ದು ಬಿಕಾಂ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ಎರಡು ತಪ್ಪು ಒಟ್ಟಿಗೆ ಸೇರ್ಕೊಂಡಿರಬಹುದು ಅಂತ ನಮ್ಮ ಮೇಷ್ಟ್ರು ಹೇಳೋರು. ಇಲ್ಲೂ ಹಾಗೇ ಆಗಿತ್ತು.

ಮೊದಲನೇ ತಪ್ಪು ಕೇಬಲ್‌ದು. ವೇಗ 30ರಿಂದ 40 ಎಂಬಿ ನಡುವೆ ಒಂದೇ ಸಮ ನಿಂತುಬಿಟ್ರೆ, ಡಿಸ್ಕ್ ಯುಎಸ್‌ಬಿ 2.0 ಮಟ್ಟಕ್ಕೆ ಇಳಿದಿದೆ ಅಂತ ಅನುಮಾನಿಸಿ. ಪೋರ್ಟಬಲ್ ಡಿಸ್ಕ್‌ಗಳ ಅಗಲವಾದ ಪಿನ್ ಇದೆಯಲ್ಲ, ಅದರಲ್ಲಿ ಎರಡು ಭಾಗ ಇರುತ್ತೆ: ಒಂದು ಹಳೇ ವೇಗಕ್ಕೆ, ಇನ್ನೊಂದು ಯುಎಸ್‌ಬಿ 3.0 ವೇಗಕ್ಕೆ. ಎರಡನೇ ಭಾಗ ಸಡಿಲವಾದ್ರೂ ಡಿಸ್ಕ್ ಕೆಲಸ ಮಾಡುತ್ತೆ, ನಿಧಾನವಾಗಿ ಅಷ್ಟೇ. ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿನ 3.0 ಪೋರ್ಟಿಗೇ ಗಟ್ಟಿಯಾಗಿ ಚುಚ್ಚಿ. ಬೇರೆ ಕೇಬಲ್ ಹಾಕಿ ನೋಡಿ. ನನಗೆ ಹೊಸ ಕೇಬಲ್ ಹಾಕಿದ ಮೇಲೆ ಪ್ರತಿದಿನವೂ 110 ಬಂತು.

ಆದ್ರೆ ಅಜ್ಜಿಯ ಫೋಲ್ಡರ್ ಮಾತ್ರ ನಿಲ್ತಾನೇ ಇತ್ತು. ಒಂದೇ ಜಾಗದಲ್ಲಿ ಪದೇಪದೇ ವೇಗ ಸೊನ್ನೆಗೆ ಬಿದ್ರೆ, ಅಲ್ಲಿನ ಸೆಕ್ಟರ್ ಓದೋಕೆ ಡಿಸ್ಕ್ ಮತ್ತೆ ಮತ್ತೆ ಒದ್ದಾಡ್ತಿರುತ್ತೆ. ಇದು ಎರಡನೇ ತಪ್ಪು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಉಚಿತ ತಂತ್ರಾಂಶ ಹಾಕಿದೆ. ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಾಲು ಸೊನ್ನೆ ಇರ್ಬೇಕು. ನನ್ನದರಲ್ಲಿ ಇರ್ಲಿಲ್ಲ, ಬಣ್ಣ ಹಳದಿಗೆ ತಿರುಗಿತ್ತು.

ಎಲ್ಲ ಏರಿಳಿತವೂ ಕಾಯಿಲೆ ಅಂದ್ಕೋಬೇಡಿ. ಸಾವಿರಾರು ಪುಟ್ಟ ಫೋಟೋ ಕಾಪಿ ಮಾಡುವಾಗ ವೇಗ ಇಳಿಯೋದು ಸಹಜ. ತಿರುಗೋ ಡಿಸ್ಕ್ ತುಂಬ್ತಾ ಬಂದಂತೆ ಒಳಸುತ್ತಿನ ಫೈಲುಗಳು ಹೊರಸುತ್ತಿನವಕ್ಕಿಂತ ನಿಧಾನ. ಒಂದೇ ಫೈಲ್ ಎರಡನೇ ಸಲ ಹಾರಿ ಬಂದ್ರೆ, ಅದು ಕಂಪ್ಯೂಟರಿನ ರ್‍ಯಾಮ್‌ನಿಂದ ಬಂದಿರುತ್ತೆ. ಅದನ್ನ ನೋಡಿ ಡಿಸ್ಕ್ ಸರಿಹೋಯ್ತು ಅಂತ ಖುಷಿಪಡಬೇಡಿ. ಫೋನಿಗೆ ಓಟಿಜಿಯಲ್ಲಿ ಹಾಕಿದಾಗ ಡಿಸ್ಕ್ ಕಟಕಟ ಅಂದ್ರೆ, ಅದಕ್ಕೆ ಸಾಕಷ್ಟು ಕರೆಂಟ್ ಸಿಗದೇ ಇರಬಹುದು.

ಈಗ ನಾನು ಮಾಡಿದ ತಪ್ಪು ಹೇಳ್ತೀನಿ. ಗಾಬರಿಯಲ್ಲಿ ಸ್ಪೀಡ್ ಟೆಸ್ಟ್ ಮೇಲೆ ಟೆಸ್ಟ್ ಮಾಡ್ದೆ, ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಓಡಿಸ್ದೆ. ಸಾಯ್ತಿರೋ ಡಿಸ್ಕ್‌ಗೆ ಅದೆಲ್ಲ ಹೊರೆ. ಮೊದಲು ಬೇಕಾದ ಫೈಲುಗಳನ್ನ ಬೇರೆ ಕಡೆ ಕಾಪಿ ಮಾಡಿ, ತೊಂದರೆ ಕೊಡೋ ಫೋಲ್ಡರನ್ನ ಕೊನೆಗೆ ಇಟ್ಕೊಳ್ಳಿ. ಪರೀಕ್ಷೆ ಆಮೇಲೆ. ಹಠ ಹಿಡಿದ ಫೈಲಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಇದೆ. ಅದು ಸುಲಭವಾಗಿ ಸಿಗೋ ಭಾಗಗಳನ್ನ ಮೊದಲು ತಗೊಂಡು, ಕಷ್ಟದವಕ್ಕೆ ಆಮೇಲೆ ಬರುತ್ತೆ.

ನಾನು ಒಂದು ರಾತ್ರಿಯೆಲ್ಲಾ ಅದನ್ನ ಓಡಿಸ್ದೆ. ಅಜ್ಜಿಯ 6 ಹಾಡುಗಳಲ್ಲಿ 5 ಪೂರ್ತಿ ಸಿಕ್ವು. ಆರನೆಯದರಲ್ಲಿ ಕೊನೆಯ 1 ನಿಮಿಷ ಇಲ್ಲ. ಮೊಮ್ಮಗನಿಗೆ ಪೆನ್‌ಡ್ರೈವ್ ಕೊಟ್ಟಾಗ ಅದನ್ನೂ ಹೇಳ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಕೊನೆಯ ಭಾಗ ನಮ್ಮತ್ತೆಗೆ ಬರುತ್ತೆ, ಬನ್ನಿ’ ಅಂದ.

ಮುಂದಿನ ಭಾನುವಾರ ಹೋಗ್ತಿದ್ದೀನಿ. ಈ ಸಲ 3 ಪ್ರತಿ ಮಾಡ್ತೀನಿ, ಒಂದು ಪ್ರತಿ ಅವರ ಮನೆಯಲ್ಲೇ ಇರುತ್ತೆ. ನೀವು ಇದನ್ನ ಕೇಳಿ ಮುಗಿಸಿದ ತಕ್ಷಣ ನಿಮ್ಮ ಡಿಸ್ಕ್ ತೆಗೆದು, ಒಂದೇ ಪ್ರತಿ ಇರೋ ಫೈಲ್ ಯಾವುದು ಅಂತ ನೋಡಿ. ಸಿಗೋಣ.